ಕೋಸಗಿಯ ಪೀರಲ ಹಬ್ಬ, ಟ್ರಿನಿಡಾಡಿನ ‘ಹೋಸೆ’

ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪಕ್ಕೆ ಹೋದ ಪ್ರವಾಸಿಗಳು ಅಲ್ಲಿನ ಮಿಶ್ರ ಸಂಸ್ಕೃತಿಯನ್ನು ಬೆರಗಿನಿಂದ ವರ್ಣಿಸುವುದುಂಟು. ಆದರೆ ಆದೋನಿ ಸೀಮೆಯವರಿಗೆ ಅಲ್ಲಿನ ‘ಹೋಸೆ’ ಹೊಸದೆನಿಸಲಾರದು. ಹುಸೇನರ ಹೆಸರಿನಿಂದ ಹುಟ್ಟಿದ ಈ ಪದ ಮೊಹರಮ್ಮಿಗೇ ಸಲ್ಲುತ್ತದೆ. 1845ರಿಂದ 1917ರವರೆಗೆ ಕರಾರು ಕೂಲಿಗಳಾಗಿ ಕಬ್ಬಿನ ತೋಟಗಳಿಗೆ ಹೋದ ಭಾರತೀಯರು ಇದನ್ನು ಅಲ್ಲಿಗೆ ಒಯ್ದರು. ಅವರಲ್ಲಿ ಬಹುಪಾಲು ಜನ ಕಲ್ಕತ್ತೆಯಿಂದಲೂ ಕೆಲವರು ಮದರಾಸಿನಿಂದಲೂ ಹಡಗು ಹತ್ತಿದವರು. ಬಿದಿರು ಮತ್ತು ಬಣ್ಣದ ಕಾಗದದ ತಾಜಿಯಾಗಳ ಮುಂದೆ ತಾಸೆ ಬಡಿಯುವವರಲ್ಲಿ ಮುಸಲ್ಮಾನರಲ್ಲದೆ ಹಿಂದೂಗಳೂ ಆಫ್ರಿಕಾ ಮೂಲದವರೂ ಸೇರಿದರು. ತೋಟದ ಕೂಲಿಗಳ ಈ ಒಗ್ಗಟ್ಟು ಆಳುವವರಿಗೆ ಹಿಡಿಸಲಿಲ್ಲ. 1884ರಲ್ಲಿ ಸ್ಯಾನ್ ಫರ್ನಾಂಡೊ ಪಟ್ಟಣವನ್ನು ಪ್ರವೇಶಿಸಲು ಹೊರಟ ಮೆರವಣಿಗೆಗಳ ಮೇಲೆ ಗುಂಡು ಹಾರಿತು, ಹಲವರು ಸತ್ತರು.

ರಾಯಚೂರು–ಗುಂತಕಲ್ಲು ರೈಲುಮಾರ್ಗದಲ್ಲಿ ಮಂತ್ರಾಲಯ ರೋಡ್ ದಾಟಿ ಆದೋನಿಯತ್ತ ಬರುವಾಗ ಸಿಗುವ ಊರು ಕೋಸಗಿ. ಈ ಸೀಮೆಯ ಪೀರಲ ಹಬ್ಬವನ್ನು ಕಾಣಲು ಯಾರೂ ಸಮುದ್ರ ದಾಟಬೇಕಿಲ್ಲ. ಅಲಾಯಿ ಕುಣಿಯ ಕೆಂಡ, ಪಂಜಾಗಳ ಮೆರವಣಿಗೆ, ಹರಕೆಗಾಗಿ ಫಕೀರರಾಗುವ ಮಕ್ಕಳು, ಸಕ್ಕರೆ ಓದಿಸುವ ಹಿಂದೂ ಮನೆಗಳು, ಹುಲಿವೇಷ: ಇವುಗಳಲ್ಲಿ ಯಾವುದು ಯಾರದೆಂದು ಕೇಳಿದರೆ ಊರವರೇ ನಕ್ಕಾರು. ರಾಯಚೂರು, ಬಳ್ಳಾರಿಗಳ ಕಡೆ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವ ರೂಢಿಯಿದೆ. ಅರಬರ ಕಾಳಗಕ್ಕೆ ಹಳ್ಳಿಯ ಗಾಯಕರು ಇಲ್ಲಿನದೇ ಮಾತು, ಇಲ್ಲಿನದೇ ಧಾಟಿಯನ್ನು ಒದಗಿಸಿದ್ದಾರೆ. ಬೆರಕೆ ಎಂಬುದು ಬರಿಯ ವೇಷಭೂಷಣದ ಸಂಗತಿಯಲ್ಲ, ಅದು ನಾಲಗೆಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ದೊರೆಯುವುದು ಕಷ್ಟ.

ಎರಡು ಹಬ್ಬಗಳ ದಾರಿ ಬೇರೆಯಾಗಬಹುದಾದುದೂ ಈ ನಾಲಗೆಯಲ್ಲಿಯೇ. ಟ್ರಿನಿಡಾಡಿನಲ್ಲಿ ತಾಸೆಯ ಗತ್ತು ಉಳಿಯಿತು. ಕೂಲಿಗಳ ಭೋಜಪುರಿ ಬಹುಮಟ್ಟಿಗೆ ಮುದುಕರೊಂದಿಗೆ ಹಿಂದೆ ಸರಿಯಿತು. ಆದೋನಿ ಸೀಮೆಯಾದರೋ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿತು. ಊರುಗಳು ಇದ್ದಲ್ಲಿಯೇ ಇದ್ದವು, ಕಚೇರಿಯ ಲಿಪಿ ಬದಲಾಯಿತು. ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ಬಾಯಿಂದ ಬರುವ ಈ ಗಡಿಯಲ್ಲಿ ತೆಲುಗು ಕನ್ನಡಕ್ಕೆ ಶತ್ರುವಲ್ಲ. ಆದರೆ ರಿವಾಯತ್ ಪದ ಬಾಯಿಂದ ಬಾಯಿಗೆ ಸಾಗುವಂಥದು. ಹಿರಿಯ ಹಾಡುಗಾರನ ಮಾತು ಮೊಮ್ಮಗನಿಗೆ ತಿಳಿಯದೆ ಹೋದ ವರ್ಷ ಪಂಜಾ ಎಂದಿನಂತೆ ಏಳುತ್ತದೆ, ತಾಸೆಯೂ ಬಡಿಯುತ್ತದೆ. ಹೊರಗಿನಿಂದ ಬಂದ ಪ್ರವಾಸಿಗೆ ಏನು ಕಡಿಮೆಯಾಯಿತೆಂಬುದು ಗೊತ್ತಾಗುವುದಿಲ್ಲ.