ಎರಡನೇ ಸಲ ಬಾಗಿಲು ತಟ್ಟುವವರು

1974ರ ಮೇ ತಿಂಗಳ ಒಂದು ರಾತ್ರಿ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಲ್ಮೈರಾ ಎಂಬ ಸಣ್ಣ ಊರಿನಲ್ಲಿ ಇಬ್ಬರು ಹುಡುಗರು ಕುಡಿದು ಬೀದಿಗಿಳಿದರು. ಬೆಳಗಾಗುವಷ್ಟರಲ್ಲಿ 22 ಕಡೆ ಹಾನಿಯಾಗಿತ್ತು. ಕಾರುಗಳ ಟೈರು ಸೀಳಿದ್ದರು, ಕಿಟಕಿಗಳ ಗಾಜು ಪುಡಿ ಮಾಡಿದ್ದರು. ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡರು. ಇನ್ನು ಶಿಕ್ಷೆಯಷ್ಟೇ ಬಾಕಿ.

ಅಷ್ಟರಲ್ಲಿ ಅವರ ಪ್ರೊಬೇಷನ್ ಅಧಿಕಾರಿ, ಮೆನೊನೈಟ್ ಎಂಬ ಕ್ರೈಸ್ತ ಪಂಥದವರು, ನ್ಯಾಯಾಲಯದ ಮುಂದೆ ಹೊಸದೊಂದು ಸಲಹೆಯಿಟ್ಟರು. ಈ ಹುಡುಗರು ಹಾನಿಗೊಳಗಾದವರನ್ನು ಮುಖತಃ ಕಾಣಲಿ ಎಂಬುದು ಅದು. ಹಿಂಜರಿದ ನ್ಯಾಯಾಧೀಶರು ಕೊನೆಗೆ ಒಪ್ಪಿದರು. ಹುಡುಗರು ಒಂದೊಂದೇ ಮನೆಯ ಬಾಗಿಲು ತಟ್ಟಿ, 'ನಿಮ್ಮ ಮನೆಗೆ ಹಾನಿ ಮಾಡಿದವರು ನಾವೇ' ಎಂದು ಹೇಳಬೇಕಾಯಿತು. ಅಧಿಕಾರಿ ಮತ್ತು ಅವರ ಜೊತೆಗಾರರೊಬ್ಬರು ಒಂದು ಹೆಜ್ಜೆ ಹಿಂದೆ, ಕೈಯಲ್ಲಿ ಪುಸ್ತಕ ಹಿಡಿದು, ನಷ್ಟದ ಲೆಕ್ಕ ಬರೆದುಕೊಳ್ಳುತ್ತ ನಿಂತಿದ್ದರು.

ಇಂಗ್ಲಿಷಿನಲ್ಲಿ 'ರೆಸ್ಟೊರೇಟಿವ್ ಜಸ್ಟಿಸ್' ಎನ್ನುವ ನ್ಯಾಯಪದ್ಧತಿಯ ಆಧುನಿಕ ಚರಿತ್ರೆಯನ್ನು ಬಹುತೇಕರು ಈ ಬಾಗಿಲುಗಳಿಂದಲೇ ಶುರುಮಾಡುತ್ತಾರೆ. ಕನ್ನಡದಲ್ಲಿ ಸರಳವಾಗಿ 'ಸರಿಪಡಿಸುವ ನ್ಯಾಯ' ಎನ್ನೋಣ. ಯಾವ ಕಾನೂನು ಮುರಿಯಿತು, ಎಷ್ಟು ವರ್ಷ ಜೈಲು ಎನ್ನುವುದಕ್ಕೆ ಮೊದಲು ಅದು ಕೇಳುವುದು ಯಾರಿಗೆ ನೋವಾಯಿತು, ಅದನ್ನು ಸರಿಪಡಿಸುವ ಹೊಣೆ ಯಾರದು ಎಂದು. 1989ರಲ್ಲಿ ನ್ಯೂಜಿಲೆಂಡ್ ಮಾವೋರಿಗಳ ಕುಟುಂಬ ಪರಂಪರೆಯಿಂದ ಕಲಿತು, ತಪ್ಪು ಮಾಡಿದ ಮಕ್ಕಳ ವಿಚಾರದಲ್ಲಿ ಮನೆಮಂದಿಯೆಲ್ಲ ಕೂತು ಮಾತಾಡುವ ಸಭೆಯನ್ನು ಕಾನೂನಿನೊಳಗೇ ತಂದಿತು.

ಆದರೆ ಕಿಟಕಿ ಗಾಜಿನ ಮಾತು ಬೇರೆ. ಬಾಗಿಲು ತಟ್ಟಿದವನು ಹೆಂಡತಿಗೆ ಹೊಡೆದ ಗಂಡನಾದರೆ? ಅತ್ಯಾಚಾರ ಮಾಡಿದವನಾದರೆ?

ಇದನ್ನು ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದ್ದು ಮಹಿಳಾ ಚಳವಳಿ. ಹೆಂಡತಿಗೆ ಹೊಡೆಯುವುದು ಮನೆ ಜಗಳವಲ್ಲ, ಅಪರಾಧ ಎಂದು ಪೊಲೀಸರಿಂದ ಒಪ್ಪಿಸುವುದಕ್ಕೇ ಅವರು ವರ್ಷಗಟ್ಟಲೆ ಬಡಿದಾಡಿದ್ದರು. ಈಗ ಮತ್ತೆ 'ಕೂತು ಮಾತಾಡಿ' ಎಂದರೆ? ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ಹಿಂಸೆಯ ಚಕ್ರವನ್ನು ವಿವರಿಸಿದ್ದರು. ಮೊದಲು ಬಿಗುವು, ಆಮೇಲೆ ಹೊಡೆತ, ಅದರ ಬೆನ್ನಿಗೇ ಕಣ್ಣೀರು, ಕ್ಷಮೆ, ಹೊಸ ಸೀರೆಯಂಥ ಉಪಚಾರ. ಹೊಡೆಯುವವನ ಕೈಯಲ್ಲಿ ಕ್ಷಮೆಯೂ ಒಂದು ಆಯುಧ. ಅಂಥವನನ್ನು ಕರೆದು ಕ್ಷಮೆ ಕೇಳಿಸುವ ಸಭೆ ಆ ಚಕ್ರದ ಇನ್ನೊಂದು ಸುತ್ತಾಗುವುದಿಲ್ಲವೇ?

ಆ ಮಾತಿಗೆ ತೂಕವಿತ್ತು. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯ 2000ದಲ್ಲಿ ಲೈಂಗಿಕ ಅಪರಾಧ ಮತ್ತು ದಾಂಪತ್ಯದ ಹಿಂಸೆಯ ಪ್ರಕರಣಗಳನ್ನು ಈ ಪದ್ಧತಿಯಿಂದ ಹೊರಗಿಟ್ಟಿತು. ಐರೋಪ್ಯ ದೇಶಗಳ 2011ರ ಇಸ್ತಾಂಬುಲ್ ಒಪ್ಪಂದ ಇಂಥ ಪ್ರಕರಣಗಳಲ್ಲಿ ಕಡ್ಡಾಯ ಸಂಧಾನ ಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿತು. ಅಲ್ಲಿ ಮುಖ್ಯವಾದ ಪದ 'ಕಡ್ಡಾಯ'.

ಅಷ್ಟರಲ್ಲಾಗಲೇ ಕೆನಡಾದ ಇನ್ನೊಂದು ಮೂಲೆಯಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. ವಿನಿಪೆಗ್ ಸರೋವರದ ಪೂರ್ವ ದಡದಲ್ಲಿರುವ ಹಾಲೋ ವಾಟರ್ ಮೂಲನಿವಾಸಿಗಳ ಊರು. 1980ರ ದಶಕದಲ್ಲಿ ಕುಡಿತಕ್ಕೆ ಪರಿಹಾರ ಹುಡುಕಲು ಕೂತವರಿಗೆ ಅದರ ತಳದಲ್ಲಿ ಮನೆಮನೆಯ ಲೈಂಗಿಕ ದೌರ್ಜನ್ಯ ಕಂಡಿತು. ಜೈಲಿಗೆ ಹೋದವನು ತುಟಿ ಬಿಚ್ಚದೆ ಶಿಕ್ಷೆ ಮುಗಿಸಿ, ಹೋದಂತೆಯೇ ಹಿಂತಿರುಗುತ್ತಿದ್ದ. ಅದಕ್ಕಾಗಿ ಅವರು 13 ಮೆಟ್ಟಿಲುಗಳ ದಾರಿ ಕಟ್ಟಿದರು. ನೊಂದವಳ ಸುರಕ್ಷೆಯ ಏರ್ಪಾಡು ಮೊದಲ ಹಂತಗಳಲ್ಲೇ ಆಗಬೇಕು. ಆರೋಪಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಳ್ಳಲೇಬೇಕು. ಆಮೇಲೆ ತನ್ನ ಮನೆಯವರ ಮುಂದೆ, ಊರಿನ ಮುಂದೆ ಬಾಯಿಬಿಟ್ಟು ಹೇಳಬೇಕು. ಇದಕ್ಕೆಲ್ಲ ವರ್ಷಗಳೇ ಹಿಡಿಯುತ್ತಿದ್ದವು. ಜೈಲಿಗಿಂತ ಇದು ಸಲೀಸು ಎಂದುಕೊಂಡು ಬಂದವರಿಗೆ ಭ್ರಮೆ ಬೇಗ ಹರಿಯುತ್ತಿತ್ತು.

ಇದೇ ವಿಚಾರ ನಗರಕ್ಕೆ ಬಂದದ್ದು ಅಮೆರಿಕದ ಅರಿಜೋನಾದಲ್ಲಿ. ಅಲ್ಲಿನ ಪ್ರಾಧ್ಯಾಪಕಿ ಮೇರಿ ಕಾಸ್, ಕಾಲೇಜು ಹುಡುಗಿಯರ ಮೇಲಿನ ಅತ್ಯಾಚಾರದ ವ್ಯಾಪ್ತಿಯನ್ನು 1980ರ ದಶಕದಲ್ಲೇ 32 ಶಿಕ್ಷಣ ಸಂಸ್ಥೆಗಳ ಸಮೀಕ್ಷೆಯಿಂದ ತೋರಿಸಿಕೊಟ್ಟವರು. ದೂರು ಕೊಟ್ಟವರಲ್ಲಿ ಶಿಕ್ಷೆಯ ತನಕ ತಲುಪುವವರು ಬೆರಳೆಣಿಕೆಯಷ್ಟು ಎನ್ನುವುದನ್ನು ಅವರು ಹತ್ತಿರದಿಂದ ಕಂಡಿದ್ದರು. ತಲುಪಿದವರೂ ಪಾಟೀಸವಾಲಿನಲ್ಲಿ ಇನ್ನೊಮ್ಮೆ ಜರ್ಜರಿತರಾಗುತ್ತಿದ್ದರು. ಕಾಸ್ ಅವರ ತಂಡ 2003ರಿಂದ 2007ರವರೆಗೆ ಟೂಸಾನ್ ನಗರವಿರುವ ಪೀಮಾ ಕೌಂಟಿಯಲ್ಲಿ 'ರೆಸ್ಟೋರ್' ಎಂಬ ಕಾರ್ಯಕ್ರಮ ನಡೆಸಿತು.

ಅದರ ಒಳಗುಟ್ಟು ಸಭೆಯಲ್ಲಿರಲಿಲ್ಲ, ಸಭೆಗೆ ಮುಂಚಿನ ಮತ್ತು ನಂತರದ ಕೆಲಸದಲ್ಲಿತ್ತು. ಪ್ರಕರಣ ಬರುತ್ತಿದ್ದುದು ಸರ್ಕಾರಿ ಅಭಿಯೋಜಕರ ಕಡೆಯಿಂದ. ಮೊದಲು ಕೇಳುತ್ತಿದ್ದುದು ನೊಂದವಳನ್ನು. ಅವಳು ಬೇಡವೆಂದರೆ ಅಲ್ಲಿಗೆ ಮುಗಿಯಿತು. ಹೂಂ ಎಂದ ಮೇಲಷ್ಟೇ ಆರೋಪಿಯನ್ನು ಕೇಳುವುದು. ಹಿಂದೆಯೂ ಇಂಥದೇ ಅಪರಾಧ ಮಾಡಿದವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಎರಡೂ ಕಡೆಯವರನ್ನು ಬೇರೆಬೇರೆಯಾಗಿ ತಯಾರು ಮಾಡಿ ಆಮೇಲೆ ಸಭೆ. ಮೊದಲ ಮಾತು ಅವನದೇ, ತಾನು ಏನು ಮಾಡಿದೆನೆಂದು. ಆಮೇಲೆ ಅವಳು ತನಗೇನಾಯಿತೆಂದು ಹೇಳುತ್ತಾಳೆ, ನಡುವೆ ತಡೆಯುವ ವಕೀಲರಿಲ್ಲ. ಅವನ ಮುಖ ನೋಡಲು ಇಷ್ಟವಿಲ್ಲದಿದ್ದರೆ ಅವಳ ಪರವಾಗಿ ಬೇರೆಯವರು ಕೂರಬಹುದು. ಕ್ಷಮಿಸಬೇಕೆಂಬ ಒತ್ತಾಯವಿಲ್ಲ. ಕೊನೆಗೆ ಆದ ಒಪ್ಪಂದದಂತೆ ಅವನು ನಡೆಯುತ್ತಾನೋ ಇಲ್ಲವೋ ಎಂದು ಒಂದು ವರ್ಷ ಕಾವಲು. ಇದನ್ನು ನೋಡಿಯೇ 2005ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ 'ಪ್ರಾಜೆಕ್ಟ್ ರೆಸ್ಟೋರ್' ಹುಟ್ಟಿತು. ಅಲ್ಲಿ ಸಭೆ ನಡೆಸುವವರ ಜೊತೆಗೆ ಅವಳಿಗೊಬ್ಬರು, ಅವನಿಗೊಬ್ಬರು ಪರಿಣತರಿರುತ್ತಾರೆ.

ಇದನ್ನೆಲ್ಲ ಓದುವ ಕನ್ನಡಿಗರಿಗೆ ಥಟ್ಟನೆ ನೆನಪಾಗುವುದು ನಮ್ಮ ಕಟ್ಟೆ ಪಂಚಾಯಿತಿ. ಊರ ದೈವ ಸೇರುತ್ತದೆ, ಹಿರಿಯರು ಕೂರುತ್ತಾರೆ, ಹೊಡೆದವನಿಗೆ ದಂಡ ಹಾಕುತ್ತಾರೆ. ಆ ದುಡ್ಡು ತಪ್ಪುಕಾಣಿಕೆಯಾಗಿ ದೇವರ ಹುಂಡಿ ಸೇರುತ್ತದೆ. ಪೆಟ್ಟು ತಿಂದವಳ ಪಾಲಿಗೆ ಬರುವುದು 'ಹೆಣ್ಣಾದವಳು ಹೊಂದಿಕೊಂಡು ಹೋಗಬೇಕಮ್ಮ' ಎಂಬ ಬುದ್ಧಿಮಾತು. ಅಲ್ಲಿ ಸರಿಯಾಗುವುದು ಊರಿನ ಮಾನ. ಅವಳಿಗೆ ಆದದ್ದು ಹಾಗೇ ಉಳಿಯುತ್ತದೆ.

ಈ ರಾಜಿಯ ನೆರಳು ನ್ಯಾಯಾಲಯದೊಳಕ್ಕೂ ಬಂದದ್ದುಂಟು. 2015ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅತ್ಯಾಚಾರದ ಅಪರಾಧಿಗೆ ಜಾಮೀನು ಕೊಟ್ಟು ಪ್ರಕರಣವನ್ನು ಸಂಧಾನಕ್ಕೆ ಕಳಿಸಿತು. ದೇಶವೆಲ್ಲ ಕೆಂಡವಾಯಿತು. ಜುಲೈ 1ರಂದು ಮಧ್ಯಪ್ರದೇಶದ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅತ್ಯಾಚಾರದಲ್ಲಿ ರಾಜಿಯ ಮಾತೇ ಸಲ್ಲದು ಎಂದಿತು. ಹೈಕೋರ್ಟಿನ ಆದೇಶವೂ ಹಿಂದೆ ಸರಿಯಿತು. ನಮ್ಮಲ್ಲಿ ಸರಿಪಡಿಸುವ ನ್ಯಾಯದ ಹೆಸರೆತ್ತಿದರೆ ಹೆಣ್ಣುಮಕ್ಕಳ ಪರ ದುಡಿಯುವವರು ಹುಬ್ಬುಗಂಟಿಕ್ಕುವುದು ಸುಮ್ಮನೆ ಅಲ್ಲ.

ಆದರೂ ರಾಜಿಗೂ ಸರಿಪಡಿಸುವ ನ್ಯಾಯಕ್ಕೂ ನಡುವಿನ ಗೆರೆಯನ್ನು ನಮ್ಮ ಹೆಂಗಸರೇ ಎಳೆದು ತೋರಿಸಿದ ಉದಾಹರಣೆಯಿದೆ. ಕರ್ನಾಟಕ, ಗುಜರಾತ್, ಉತ್ತರಪ್ರದೇಶಗಳಲ್ಲಿ 1980ರ ದಶಕದ ಕೊನೆಗೆ ಶುರುವಾದ ಮಹಿಳಾ ಸಮಾಖ್ಯಾ ಕಾರ್ಯಕ್ರಮದ ಹಳ್ಳಿ ಸಂಘಗಳಿಂದ, 1995ರ ಹೊತ್ತಿಗೆ ಗುಜರಾತಿನ ವಡೋದರಾ ಜಿಲ್ಲೆಯಲ್ಲಿ ನಾರೀ ಅದಾಲತ್ ಎದ್ದುನಿಂತಿತು. ಹೆಚ್ಚು ಓದದ ಹೆಂಗಸರೇ ಅಲ್ಲಿ ಪಂಚರು. ಸೇರುತ್ತಿದ್ದುದು ಸರ್ಕಾರಿ ಕಚೇರಿಗಳ ಪಕ್ಕದ ಬಯಲಲ್ಲಿ, ಎಲ್ಲರಿಗೂ ಕಾಣುವಂತೆ. ದೂರು ತಂದವಳಿಗೆ ಏನು ಬೇಕೆಂದು ಮೊದಲು ಕೇಳುತ್ತಿದ್ದರು. ಗಂಡನ ಮನೆಯೋ, ಬಿಡುಗಡೆಯೋ, ತವರಿನಿಂದ ತಂದ ಪಾತ್ರೆಪಗಡೆಯೋ. ಒಪ್ಪಿದ್ದನ್ನು ಛಾಪಾ ಕಾಗದದ ಮೇಲೆ ಬರೆಸಿ ಸಹಿ ಹಾಕಿಸುತ್ತಿದ್ದರು. ಆಮೇಲೆ ಆ ಊರಿನ ಸಂಘದ ಹೆಂಗಸರು ಆ ಮನೆಯ ಮೇಲೆ ಕಣ್ಣಿಡುತ್ತಿದ್ದರು. ಈಗ ಅದೇ ಹೆಸರು ಕೇಂದ್ರದ ಮಿಷನ್ ಶಕ್ತಿ ಯೋಜನೆಯಡಿ ಮರಳಿದೆ.

ಉದ್ಯೋಗಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲೂ ಅದೇ ಗೆರೆಯ ಒಂದು ತುಣುಕಿದೆ. ಸಂಧಾನ ನಡೆಯಬೇಕಾದರೆ ದೂರು ಕೊಟ್ಟವಳೇ ಕೇಳಬೇಕು, ದುಡ್ಡು ಅದರ ಆಧಾರವಾಗಕೂಡದು ಎನ್ನುತ್ತದೆ ಅದರ 10ನೇ ಕಲಮು. ಆದರೆ ಅವಳನ್ನು ಕೇಳುವಂತೆ ಒತ್ತಾಯಿಸುವ ಮೇಲಧಿಕಾರಿಯನ್ನು ಯಾವ ಕಲಮೂ ಪೂರ್ತಿ ತಡೆಯಲಾರದು. ಸಹಿಯಾದ ಮೇಲೆ ಏನಾಯಿತೆಂದು ನೋಡುವವರೂ ಬೇಕು. ರಾಜಿ ಸಹಿಯಾದ ದಿನ ಮುಗಿಯುತ್ತದೆ. ಸರಿಪಡಿಸುವ ಕೆಲಸ ಶುರುವಾಗುವುದೇ ಆವತ್ತು.

ಎಲ್ಮೈರಾದ ಕಥೆಯಲ್ಲಿ ಎಲ್ಲರೂ ಹೇಳುವುದು ಹುಡುಗರು ಮೊದಲ ಸಲ ಬಾಗಿಲು ತಟ್ಟಿದ್ದನ್ನು. ಕೆಲವು ತಿಂಗಳ ನಂತರ ಅವರು ಅವೇ ಮನೆಗಳಿಗೆ ಮತ್ತೆ ಹೋಗಿ, ನಷ್ಟದ ಹಣವನ್ನು ತಮ್ಮ ಕೈಯಾರೆ ಕೊಟ್ಟು ಬಂದರು.