ತೋಟಕ್ಕೆ ಪೊಟ್ಯಾಷ್ ಉಂಟು, ದೇಹಕ್ಕೆ?

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಲೆಕ್ಕ ನಮ್ಮ ಸದಸ್ಯ ಬಂಧುಗಳಿಗೆ ಬಾಯಿಪಾಠ. ಕಾಫಿ ಗಿಡದ ಹಳೆಯ ಎಲೆಗಳ ಅಂಚು ಸುಟ್ಟಂತಾದರೆ ಪೊಟ್ಯಾಷ್ ಸಾಲದೆಂದು ದೂರದಿಂದಲೇ ಹೇಳಬಲ್ಲೆವು. ಆದರೆ ಅದೇ ಪೊಟ್ಯಾಷಿಯಂ ನಮ್ಮ ರಕ್ತನಾಳಗಳಿಗೂ ಬೇಕೆಂಬುದರ ಕಡೆಗೆ ಗಮನ ಕೊಟ್ಟವರು ವಿರಳ.

ಉಪ್ಪಿನಲ್ಲಿರುವ ಸೋಡಿಯಂ ಮೈಯಲ್ಲಿ ನೀರನ್ನು ಹಿಡಿದಿಡುತ್ತದೆ. ಇದರಿಂದ ನಾಳಗಳ ಮೇಲೆ ಒತ್ತಡ ಹೆಚ್ಚಿ, ವರ್ಷಗಟ್ಟಲೆ ಹೀಗೆಯೇ ನಡೆದರೆ ಅವುಗಳ ಗೋಡೆ ಗಡುಸಾಗುತ್ತದೆ, ಹೃದಯದ ದುಡಿಮೆ ಹೆಚ್ಚುತ್ತದೆ. ಪೊಟ್ಯಾಷಿಯಂ ಆದರೋ ಸೋಡಿಯಂ ಮೂತ್ರದಲ್ಲಿ ಹೊರಹೋಗಲು ನೆರವಾಗುತ್ತದೆ, ನಾಳಗಳನ್ನು ಸಡಿಲಿಸುತ್ತದೆ. ರಕ್ತದೊತ್ತಡ ಸಾಮಾನ್ಯವಾಗಿ ನೋವು ಕೊಡುವುದಿಲ್ಲ. ಕೊಯ್ಲಿನ ನಡುವೆ ಮನೆಯ ಯಜಮಾನನಿಗೆ ಲಕ್ವ ಹೊಡೆದಾಗಲೇ ಎಷ್ಟೋ ಮನೆಗಳಿಗೆ ಅದು ಗೊತ್ತಾಗುವುದು. ಆಗ ದೊಡ್ಡಾಸ್ಪತ್ರೆಗೆ ಘಾಟಿ ಇಳಿಯಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ ಉಪ್ಪು 5 ಗ್ರಾಂಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ, ಕಡಿಮೆಯಿರಬೇಕು. ಪೊಟ್ಯಾಷಿಯಂ ಕನಿಷ್ಠ ಮೂರೂವರೆ ಗ್ರಾಂ ಬೇಕು. ಮಲೆನಾಡಿನ ಮಳೆಗಾಲದ ಅಡುಗೆಮನೆಯಲ್ಲಿ ಇದು ಸುಲಭವಲ್ಲ. ಮಿಡಿ ಉಪ್ಪಿನಕಾಯಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಹಪ್ಪಳ, ಸಂಡಿಗೆ, ಒಣಮೀನು ಎಲ್ಲಕ್ಕೂ ಉಪ್ಪೇ ಆಧಾರ. ಇವನ್ನು ಬಿಡಿರೆಂದು ಬರೆದರೆ ನಮ್ಮ ಮನೆಯಲ್ಲಿಯೇ ಯಾರೂ ಒಪ್ಪಲಾರರು! ಒಂದು ಊಟಕ್ಕೆ ಇವುಗಳಲ್ಲಿ ಒಂದೇ ಸಾಕು, ಅನ್ನಕ್ಕೆ, ಮಜ್ಜಿಗೆಗೆ ಮೇಲುಪ್ಪು ಬೇಡ ಎಂದಷ್ಟೇ ನಮ್ಮ ವಿನಂತಿ.

ಪೊಟ್ಯಾಷಿಯಂಗಾಗಿ ಪೇಟೆಗೆ ಹೋಗಬೇಕಿಲ್ಲ. ಅಡಿಕೆಯ ನಡುವೆ ಬೆಳೆದ ಬಾಳೆಯನ್ನೇ ನೋಡಿ, ಮಧ್ಯಮ ಗಾತ್ರದ ಒಂದು ಹಣ್ಣಿನಲ್ಲಿ ಸುಮಾರು 400 ಮಿಲಿಗ್ರಾಂ ಇದೆ. ಗೊನೆಯನ್ನೆಲ್ಲ ಮಂಡಿಗೆ ಕಳುಹಿಸಿ, ಮಕ್ಕಳಿಗೆ ಬೇಕರಿಯ ಖಾರದ ಪೊಟ್ಟಣ ತರುವುದು ಯಾವ ವ್ಯಾಪಾರವೋ ಕಾಣೆವು. ಎಳನೀರು, ಹೆಸರುಕಾಳು, ಹರಿವೆ, ಬಸಳೆಗಳಲ್ಲಿಯೂ ಅದು ಧಾರಾಳವಾಗಿದೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಪೊಟ್ಯಾಷಿಯಂ ಸಾಕಷ್ಟು ಅದರೊಡನೆಯೇ ಹೋಗುತ್ತದೆ. ಬಸಿದ ಕಟ್ಟಿನಿಂದಲೇ ಬಸ್ಸಾರು ಮಾಡುವ ನಮ್ಮ ಹೆಂಗಸರ ಪದ್ಧತಿ ಈ ದೃಷ್ಟಿಯಿಂದ ಬಹಳ ಒಳ್ಳೆಯದು.

ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಇವರೆಲ್ಲ ಹಿಂದೆ ಲಕ್ವ ಹೊಡೆದವರು, ಇಲ್ಲವೇ ರಕ್ತದೊತ್ತಡವಿದ್ದ 60 ದಾಟಿದವರು. ಅರ್ಧದಷ್ಟು ಹಳ್ಳಿಗಳಿಗೆ ಮಾಮೂಲು ಉಪ್ಪಿನ ಬದಲು, ನಾಲ್ಕರಲ್ಲೊಂದು ಪಾಲು ಪೊಟ್ಯಾಷಿಯಂ ಕ್ಲೋರೈಡ್ ಬೆರೆಸಿದ ಉಪ್ಪನ್ನು ಕೊಡಲಾಯಿತು. ಸುಮಾರು ಐದು ವರ್ಷಗಳಲ್ಲಿ ಆ ಹಳ್ಳಿಗಳಲ್ಲಿ ಲಕ್ವ ಶೇಕಡ 14ರಷ್ಟು, ಸಾವು ಶೇಕಡ 12ರಷ್ಟು ಕಡಿಮೆಯಾಗಿತ್ತು.

ಪೊಟ್ಯಾಷಿಯಂ ಕ್ಲೋರೈಡ್ ಎಂದರೆ ನಮ್ಮ ಗೊಬ್ಬರದ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿರುವ ವಸ್ತುವೇ. ಹಾಗೆಂದು ಯಾರೂ ಗೋದಾಮಿನ ಚೀಲಕ್ಕೆ ಕೈಹಾಕಬಾರದು; ಅದು ಶುದ್ಧೀಕರಿಸಿ ತಿನ್ನಲು ಮಾಡಿದ್ದಲ್ಲ. ಅಡುಗೆಗೆ ತಕ್ಕುದು ಕಡಿಮೆ ಸೋಡಿಯಂ ಉಪ್ಪು ಎಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ದೊರೆಯುತ್ತದೆ. ಅದೂ ಎಲ್ಲರಿಗಲ್ಲ. ಮೂತ್ರಪಿಂಡದ ತೊಂದರೆಯಿರುವವರು, ಎನಾಲಪ್ರಿಲ್, ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ಮುಂತಾದ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಬಳಸಕೂಡದು. ರಕ್ತದಲ್ಲಿ ಪೊಟ್ಯಾಷಿಯಂ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪೀತು. ಮಾತ್ರೆಯ ಹೆಸರು ನೆನಪಿಲ್ಲದವರು ಚೀಟಿಯನ್ನೇ ಆಸ್ಪತ್ರೆಗೆ ಒಯ್ದು ತೋರಿಸಿ, ಅಲ್ಲಿಯೇ ರಕ್ತದೊತ್ತಡವನ್ನೂ ಅಳತೆ ಮಾಡಿಸಿಕೊಂಡು ಬರಲಿ.