ನಿಮಗಿದು ಗೊತ್ತೇ? ಹೈಸ್ಕೂಲಿನಿಂದಲೇ ಹಾರಾಟದ ಹಾದಿ

ವಿಮಾನ ಎಂದೊಡನೆ ಮಕ್ಕಳಿಗೆ ನೆನಪಾಗುವುದು ಪೈಲಟ್ ಒಬ್ಬರೇ. ಆದರೆ ಒಂದು ವಿಮಾನ ನೆಲ ಬಿಡಬೇಕಾದರೆ ಮೆಕ್ಯಾನಿಕ್, ಸಂಚಾರ ನಿಯಂತ್ರಕ, ಹವಾಮಾನ ತಜ್ಞ, ಎಂಜಿನಿಯರ್ ಹೀಗೆ ಎಷ್ಟೋ ಜನ ದುಡಿಯಬೇಕು. ಈ ಕೆಲಸಗಳಿಗೆ ಹದಿಹರೆಯದಲ್ಲೇ ಮಕ್ಕಳನ್ನು ಅಣಿಗೊಳಿಸುವ ಸರ್ಕಾರಿ ಶಾಲೆಗಳು ಅಮೆರಿಕದಲ್ಲಿವೆ. ಅಲ್ಲಿ ಹೈಸ್ಕೂಲೆಂದರೆ 9ರಿಂದ 12ನೇ ತರಗತಿ. ನಮ್ಮ ಲೆಕ್ಕದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡೂ ಸೇರಿದ ವಯಸ್ಸು.

ಹ್ಯಾಂಗರ್ ಇರುವ ಶಾಲೆ

● ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ ‘ಏವಿಯೇಷನ್ ಹೈಸ್ಕೂಲ್’ ಎಂಬ ಸರ್ಕಾರಿ ಶಾಲೆಯಿದೆ. ಗಣಿತ, ವಿಜ್ಞಾನ, ಇತಿಹಾಸದ ಪಾಠದ ಜೊತೆಗೆ ಇಲ್ಲಿ ವಿಮಾನ ದುರಸ್ತಿಯೂ ಒಂದು ಪಾಠ. ಶಾಲೆಗೇ ಸ್ವಂತ ಹ್ಯಾಂಗರ್, ಅಂದರೆ ವಿಮಾನಗಳನ್ನು ನಿಲ್ಲಿಸುವ ದೊಡ್ಡ ಕೊಟ್ಟಿಗೆ, ಇದೆ. ಅದರೊಳಗೆ ಮಕ್ಕಳು ಬಿಚ್ಚಿ ಜೋಡಿಸಿ ಕಲಿಯಲು ನಿಜವಾದ ವಿಮಾನಗಳಿವೆ.

● ಈ ಶಾಲೆ 1925ರಲ್ಲಿ ಶುರುವಾದಾಗ ಕಟ್ಟಡ ಕಸುಬುಗಳನ್ನು ಕಲಿಸುತ್ತಿತ್ತು. ವಿಮಾನದ ಕೆಲಸ ಇಲ್ಲಿನ ಪಾಠವಾದದ್ದು 1930ರ ದಶಕದಲ್ಲಿ.

● ಅಮೆರಿಕದಲ್ಲಿ ವಿಮಾನ ಮೆಕ್ಯಾನಿಕ್‌ಗೆ ಎರಡು ಬಗೆಯ ಅರ್ಹತೆಗಳಿವೆ: ವಿಮಾನದ ದೇಹಕ್ಕೊಂದು, ಎಂಜಿನ್ನಿಗೊಂದು. ಕ್ವೀನ್ಸ್‌ನ ಶಾಲೆಯಲ್ಲಿ ನಾಲ್ಕು ವರ್ಷದಲ್ಲಿ ಒಂದಕ್ಕೆ ಸಿದ್ಧರಾಗಬಹುದು. ಐದನೆಯ ವರ್ಷವೂ ಉಳಿದು ಓದಿದರೆ ಎರಡಕ್ಕೂ ಪರೀಕ್ಷೆ ಕಟ್ಟಬಹುದು.

● ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಬಳಿಯ ರೇಸ್‌ಬೆಕ್ ಏವಿಯೇಷನ್ ಹೈಸ್ಕೂಲ್ 2004ರಲ್ಲಿ ಆರಂಭವಾಯಿತು. ಇಲ್ಲಿ ವಿದ್ಯಾರ್ಥಿಗಳು ಸುಮಾರು 400 ಮಂದಿ ಮಾತ್ರ. 2013ರಲ್ಲಿ ಹೊಸ ಕಟ್ಟಡ ಎದ್ದದ್ದು ಬೋಯಿಂಗ್ ಫೀಲ್ಡ್ ವಿಮಾನ ನಿಲ್ದಾಣದ ಮಗ್ಗುಲಲ್ಲಿ. ಹತ್ತಿರದಲ್ಲೇ ಹೆಸರಾಂತ ವಿಮಾನ ವಸ್ತುಸಂಗ್ರಹಾಲಯವೂ ಇದೆ. ವಿಮಾನ ಎಂಜಿನಿಯರ್ ಜೇಮ್ಸ್ ರೇಸ್‌ಬೆಕ್ ಮತ್ತು ಪತ್ನಿ ಶೆರಿ ಉದಾರವಾಗಿ ಕೊಟ್ಟ ದೇಣಿಗೆಯ ನೆನಪಿಗೆ ಶಾಲೆಗೆ ಅವರ ಹೆಸರು.

● ಡೆಟ್ರಾಯಿಟ್‌ನ ವಿಮಾನಯಾನ ಹೈಸ್ಕೂಲಿಗೆ ಬೆಂಜಮಿನ್ ಓ. ಡೇವಿಸ್ ಜೂನಿಯರ್ ಅವರ ಹೆಸರಿದೆ. ಕಪ್ಪು ವರ್ಣೀಯರೆಂಬ ಒಂದೇ ಕಾರಣಕ್ಕೆ ಸೇನಾ ಅಕಾಡೆಮಿಯಲ್ಲಿ ನಾಲ್ಕು ವರ್ಷ ಸಹಪಾಠಿಗಳು ಅವರೊಡನೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಅವರು 1936ರಲ್ಲಿ ಪದವಿ ಪಡೆದು ಹೊರಬಂದರು, ಎರಡನೇ ಮಹಾಯುದ್ಧದಲ್ಲಿ ಟಸ್ಕೀಗಿ ಪೈಲಟ್‌ಗಳೆಂಬ ಕಪ್ಪು ವರ್ಣೀಯರ ಪಡೆಯ ನಾಯಕರಾದರು, 1954ರಲ್ಲಿ ಅಮೆರಿಕದ ವಾಯುಪಡೆಯ ಮೊದಲ ಕಪ್ಪು ವರ್ಣೀಯ ಜನರಲ್ ಆದರು.

● ವಿಶೇಷ ಶಾಲೆಯೇ ಬೇಕೆಂದಿಲ್ಲ. ‘ಎಒಪಿಎ’ ಎಂಬ ವಿಮಾನ ಮಾಲೀಕರ ಮತ್ತು ಪೈಲಟ್‌ಗಳ ಸಂಘ 9ರಿಂದ 12ನೇ ತರಗತಿವರೆಗಿನ ಪಠ್ಯಕ್ರಮವನ್ನು ಸಿದ್ಧಪಡಿಸಿ ಶಾಲೆಗಳಿಗೆ ಪುಕ್ಕಟೆ ಕೊಡುತ್ತದೆ. ಅದರಲ್ಲಿ ಎರಡು ದಾರಿಗಳಿವೆ: ಒಂದು ಪೈಲಟ್ ಪರೀಕ್ಷೆಯತ್ತ, ಇನ್ನೊಂದು ಡ್ರೋನ್ ಪರೀಕ್ಷೆಯತ್ತ. ಎರಡೂ ಲಿಖಿತ ಪರೀಕ್ಷೆಗಳಲ್ಲಿ 60 ಪ್ರಶ್ನೆ, ಪಾಸಾಗಲು ಶೇ. 70 ಅಂಕ ಬೇಕು.

ಕೈಗೆ ಕೆಲಸ

● ಮೆಕ್ಯಾನಿಕ್ ಆಗಲು ಹೊರಟ ಮಕ್ಕಳು ಮೊದಮೊದಲಿಗೇ ಕಲಿಯುವ ಕೆಲಸಗಳಲ್ಲಿ ಸೇಫ್ಟಿ ವೈರ್ ಕಟ್ಟುವುದೂ ಒಂದು. ಎಂಜಿನ್ ಅದುರಿದಾಗ ಬೋಲ್ಟ್ ಸಡಿಲವಾಗಬಾರದು. ಅದಕ್ಕಾಗಿ ಬೋಲ್ಟಿನ ತಲೆಯಲ್ಲಿರುವ ತೂತಿಗೆ ಉಕ್ಕಿನ ತಂತಿ ಪೋಣಿಸಿ, ಎರಡೂ ಎಳೆಗಳನ್ನು ಹೊಸೆದು ಪಕ್ಕದ ಬೋಲ್ಟಿಗೆ ಕಟ್ಟುತ್ತಾರೆ. ಅಂಗುಲಕ್ಕೆ 6ರಿಂದ 8 ಸುತ್ತು ಇರಬೇಕು. ತಂತಿಯ ಎಳೆತ ಯಾವಾಗಲೂ ಬೋಲ್ಟ್ ಬಿಗಿಯಾಗುವ ದಿಕ್ಕಿಗೇ ಇರಬೇಕು. ಉಳಿದ ತುದಿಯನ್ನು ಒಳಕ್ಕೆ ಮಡಚಬೇಕು. ಇಲ್ಲದಿದ್ದರೆ ಮುಂದೆ ಅಲ್ಲಿ ಕೈಯಿಡುವವರ ಬೆರಳು ಸೀಳುತ್ತದೆ. ಒಮ್ಮೆ ಬಿಚ್ಚಿದ ತಂತಿಯನ್ನು ಮತ್ತೆ ಬಳಸುವಂತಿಲ್ಲ.

● ತಗಡುಗಳನ್ನು ಜೋಡಿಸುವ ರಿವೆಟ್ ಹೊಡೆಯುವುದು ಹೆಚ್ಚಾಗಿ ಜೋಡಿ ಕೆಲಸ. ತಗಡಿನ ಈಚೆ ಒಬ್ಬರು ರಿವೆಟ್ ಗನ್ ಹಿಡಿದರೆ, ಆಚೆ ಇನ್ನೊಬ್ಬರು ಭಾರದ ಲೋಹದ ತುಂಡನ್ನು ಒತ್ತಿ ಹಿಡಿದಿರುತ್ತಾರೆ. ಇಬ್ಬರ ಕೈ ಒಂದಾದರಷ್ಟೇ ರಿವೆಟ್ ನೆಟ್ಟಗೆ ಕೂರುತ್ತದೆ.

● ಕೆಲಸ ಮುಗಿದ ಮೇಲೆ ಉಪಕರಣಗಳ ಎಣಿಕೆ ಕಡ್ಡಾಯ. ಎಂಜಿನ್ನಿನೊಳಗೆ ಮರೆತುಬಿಟ್ಟ ಒಂದು ಸ್ಪ್ಯಾನರ್ ಇಡೀ ವಿಮಾನಕ್ಕೆ ಕುತ್ತಾಗಬಲ್ಲದು.

● ಅಮೆರಿಕದಲ್ಲಿ ಮೆಕ್ಯಾನಿಕ್ ಪ್ರಮಾಣಪತ್ರಕ್ಕೆ ಬರೆಯುವ, ಬಾಯಿಮಾತಿನ, ಕೈಯಾರೆ ಮಾಡಿ ತೋರಿಸುವ ಮೂರೂ ಪರೀಕ್ಷೆಗಳಲ್ಲಿ ಪಾಸಾಗಬೇಕು. ಕನಿಷ್ಠ ವಯಸ್ಸು 18. ಅಲ್ಲಿಂದಾಚೆಗೆ ದುರಸ್ತಿಯ ದಾಖಲೆಯಲ್ಲಿ ಆ ಹುಡುಗ ಅಥವಾ ಹುಡುಗಿಯ ಸಹಿ ಬೀಳುತ್ತದೆ. ಆ ಸಹಿಯನ್ನು ನಂಬಿಯೇ ಪೈಲಟ್ ವಿಮಾನ ಏರುವುದು.

ವಯಸ್ಸಿನ ಲೆಕ್ಕ

● ಅಮೆರಿಕದಲ್ಲಿ ಗ್ಲೈಡರನ್ನು ಒಬ್ಬರೇ ಹಾರಿಸಲು 14 ತುಂಬಿದ್ದರೆ ಸಾಕು. ಎಂಜಿನ್ ಇರುವ ವಿಮಾನಕ್ಕೆ 16. ಖಾಸಗಿ ಪೈಲಟ್ ಲೈಸೆನ್ಸ್‌ಗೆ 17. ಸಂಬಳಕ್ಕೆ ಹಾರಿಸಲು 18.

● ದೊಡ್ಡ ವಿಮಾನ ಸಂಸ್ಥೆಯ ಪೈಲಟ್ ಆಗಲು ಅಲ್ಲಿ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟ ಬೇಕು. 2009ರ ಫೆಬ್ರುವರಿಯಲ್ಲಿ ಬಫಲೋ ನಗರದ ಬಳಿ ನಡೆದ ವಿಮಾನ ದುರಂತದ ನಂತರ ಬಂದ ಕಟ್ಟುನಿಟ್ಟು ಇದು.

● ಅಮೆರಿಕದ ವಿಮಾನ ಸಂಚಾರ ನಿಯಂತ್ರಕರ ಹುದ್ದೆಗೆ ಹೊಸಬರು 31 ತುಂಬುವ ಮೊದಲೇ ಅರ್ಜಿ ಹಾಕಬೇಕು. 56ಕ್ಕೆ ನಿವೃತ್ತಿ.

● ಮೊದಲ ಬಾರಿ ಒಂಟಿಯಾಗಿ ಹಾರಿ ಇಳಿದ ವಿದ್ಯಾರ್ಥಿಯ ಅಂಗಿಯ ಬೆನ್ನ ಭಾಗವನ್ನು ಗುರುಗಳು ಕತ್ತರಿಸಿ ಗೋಡೆಗೆ ತೂಗುಹಾಕುವ ಪದ್ಧತಿ ಅಲ್ಲಿದೆ. ಹಳೆಯ ವಿಮಾನಗಳಲ್ಲಿ ಹಿಂದೆ ಕುಳಿತ ಗುರುಗಳು ಶಿಷ್ಯನ ಅಂಗಿ ಜಗ್ಗಿ ಸೂಚನೆ ಕೊಡುತ್ತಿದ್ದರಂತೆ. ಇನ್ನು ಜಗ್ಗಬೇಕಾದ್ದಿಲ್ಲ ಎಂಬ ಮೆಚ್ಚುಗೆ ಅದು.

● 1992ರಲ್ಲಿ ಶುರುವಾದ ‘ಯಂಗ್ ಈಗಲ್ಸ್’ ಯೋಜನೆಯಲ್ಲಿ ಸ್ವಯಂಸೇವಕ ಪೈಲಟ್‌ಗಳು 8ರಿಂದ 17 ವರ್ಷದ ಮಕ್ಕಳನ್ನು ಹಣ ಪಡೆಯದೆ ಹಾರಿಸಿಕೊಂಡು ಬರುತ್ತಾರೆ. ಹೀಗೆ ಹಾರಿದ ಮಕ್ಕಳ ಸಂಖ್ಯೆ 20 ಲಕ್ಷ ದಾಟಿದೆ.

ಪಸಡೀನಾದಿಂದ ಬೆಂಗಳೂರಿಗೆ

● ಕ್ಯಾಲಿಫೋರ್ನಿಯಾದ ಪಸಡೀನಾ ಜೂನಿಯರ್ ಕಾಲೇಜಿನಲ್ಲಿ 1930ರ ದಶಕದಲ್ಲಿ ಹೈಸ್ಕೂಲಿನ ಕೊನೆಯ ಎರಡು ತರಗತಿಗಳೂ ಸೇರಿದ್ದವು. ಅಲ್ಲಿನ ಅಧ್ಯಾಪಕ ಮ್ಯಾಕ್ಸ್ ಹಾರ್ಲೋ ತರಗತಿಯ ಕೆಲಸವೆಂದೇ ಒಂದು ವಿಮಾನವನ್ನು ವಿನ್ಯಾಸ ಮಾಡಿ, ವಿದ್ಯಾರ್ಥಿಗಳ ಕೈಯಲ್ಲೇ ಕಟ್ಟಿಸಿದರು. ಪೂರಾ ಲೋಹದ ಆ ವಿಮಾನ 1937ರಲ್ಲಿ ಹಾರಿತು. ಅದರ ಹೆಸರು ‘ಪಿಜೆಸಿ–1’. ಕಾಲೇಜಿನ ಹೆಸರಿನ ಮೊದಲಕ್ಷರಗಳೇ ಅವು.

● ಅದೇ ವಂಶದ ಮುಂದಿನ ಕುಡಿ ‘ಹಾರ್ಲೋ ಪಿಸಿ–5’ ಎಂಬ ತರಬೇತಿ ವಿಮಾನ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದಾಗ, ಅಲ್ಲಿ ಮೊದಲು ಜೋಡಿಸಿದ್ದು ಇದನ್ನೇ. 1941ರಲ್ಲಿ ಅದು ಹಾರಿತು. ಇಂದಿನ ಎಚ್‌ಎಎಲ್‌ನ ಮೊದಲ ವಿಮಾನದ ಮೂಲ ಹೀಗೆ ವಿದ್ಯಾರ್ಥಿಗಳ ವರ್ಕ್‌ಶಾಪಿನಲ್ಲಿದೆ! ಮಕ್ಕಳ ಕೈಗೆ ನಿಜವಾದ ಕೆಲಸ ಕೊಟ್ಟರೆ ಅದು ಎಲ್ಲಿಯವರೆಗೆ ಹೋಗಬಲ್ಲದು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ನಮ್ಮ ಮಕ್ಕಳಿಗೆ

● ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇಗಳ ಒಂದು ತುದಿಗೆ 09, ಇನ್ನೊಂದಕ್ಕೆ 27 ಎಂಬ ಸಂಖ್ಯೆಯಿದೆ. ದಿಕ್ಸೂಚಿಯ 90 ಮತ್ತು 270 ಡಿಗ್ರಿಗಳಲ್ಲಿ ಕೊನೆಯ ಸೊನ್ನೆ ಬಿಟ್ಟರೆ ಉಳಿಯುವುದು ಇಷ್ಟೇ. ಅಂದರೆ ಪೂರ್ವ, ಪಶ್ಚಿಮ. ಏಳನೇ ತರಗತಿಯ ಮಗುವಿಗೂ ಅರ್ಥವಾಗುವ ಲೆಕ್ಕ.

● 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವ ಮಾರ್ಗವಾಗಿ ಬೆಂಗಳೂರಿಗೆ ಬಂದಿಳಿದ ಏರ್ ಇಂಡಿಯಾ ವಿಮಾನದ ಪೈಲಟ್‌ಗಳೆಲ್ಲರೂ ಮಹಿಳೆಯರು. ನಾಯಕಿ ಕ್ಯಾಪ್ಟನ್ ಝೋಯಾ ಅಗರ್‌ವಾಲ್.

● ಭಾರತದಲ್ಲಿ ಕಾರಿನ ಲೈಸೆನ್ಸ್‌ಗೆ 18 ತುಂಬಿರಬೇಕು. ಆದರೆ ವಿಮಾನ ಕಲಿಯಲು ಬೇಕಾದ ಸ್ಟೂಡೆಂಟ್ ಪೈಲಟ್ ಲೈಸೆನ್ಸ್ 16ಕ್ಕೇ ಸಿಗುತ್ತದೆ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ವೈದ್ಯಕೀಯ ಪರೀಕ್ಷೆಯಲ್ಲೂ ಗೆಲ್ಲಬೇಕು.

● ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ನಮ್ಮಲ್ಲಿ 200 ಗಂಟೆಗಳ ಹಾರಾಟ, 18 ವರ್ಷ ವಯಸ್ಸು ಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕೆಂಬುದು ಬಹುಕಾಲದ ನಿಯಮ. ವಾಣಿಜ್ಯ ಅಥವಾ ಕಲಾ ವಿಭಾಗದಲ್ಲಿ ಓದಿದವರು ಈ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಬರೆದು ಪಾಸಾಗುವ ದಾರಿಯಿದೆ.

● ಪಿಯುಸಿ ವಿಜ್ಞಾನ ಮುಗಿಸಿದವರಿಗೆ ವಿಮಾನ ನಿರ್ವಹಣಾ ಎಂಜಿನಿಯರ್ ಆಗುವ ದಾರಿಯೂ ತೆರೆದಿದೆ. ಇದಕ್ಕೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಲೈಸೆನ್ಸ್ ಬೇಕು.

● ಡ್ರೋನ್ ಪೈಲಟ್ ಪ್ರಮಾಣಪತ್ರಕ್ಕೆ 2021ರ ನಿಯಮದಂತೆ 18 ವರ್ಷ ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ತರಬೇತಿಯನ್ನೂ ಮುಗಿಸಿರಬೇಕು.

● ಎನ್‌ಸಿಸಿ ವಾಯು ವಿಭಾಗ ಇರುವ ಹೈಸ್ಕೂಲುಗಳಲ್ಲಿ ಮಕ್ಕಳು ಏರೋ ಮಾಡೆಲಿಂಗ್ ಕಲಿಯಬಹುದು. ಕಾಲೇಜಿನ ಕೆಡೆಟ್‌ಗಳಿಗೆ ಮೈಕ್ರೋಲೈಟ್ ವಿಮಾನದಲ್ಲಿ ಹಾರುವ ಅವಕಾಶವೂ ಇದೆ.

● ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ್ದೇ ವೈಮಾನಿಕ ತರಬೇತಿ ಶಾಲೆಯಿದೆ.

● 2024ರ ಜನವರಿಯಲ್ಲಿ ದೇವನಹಳ್ಳಿ ಬಳಿ ಬೋಯಿಂಗ್ ಕ್ಯಾಂಪಸ್ ಉದ್ಘಾಟನೆಯಾದ ದಿನವೇ ‘ಬೋಯಿಂಗ್ ಸುಕನ್ಯಾ’ ಯೋಜನೆಯೂ ಆರಂಭವಾಯಿತು. ಹೆಣ್ಣುಮಕ್ಕಳಿಗೆ ವಿಜ್ಞಾನ ಪ್ರಯೋಗಾಲಯ, ಪೈಲಟ್ ತರಬೇತಿಗೆ ವಿದ್ಯಾರ್ಥಿವೇತನ ಅದರ ಉದ್ದೇಶ.

● 1957ರಿಂದ ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲೇ ಗಗನಯಾನ ಯೋಜನೆಯ ಗಗನಯಾತ್ರಿಗಳ ಆರೋಗ್ಯ ತಪಾಸಣೆ ನಡೆದದ್ದು. ಪೈಲಟ್ ಆಗಬಯಸುವ ನಾಗರಿಕರ ತಪಾಸಣೆಯೂ ಅಲ್ಲಿ ನಡೆಯುತ್ತದೆ.

ಪೋಷಕರು ಗಮನಿಸಬೇಕಾದದ್ದು: ತರಬೇತಿಗೆ ಲಕ್ಷಗಟ್ಟಲೆ ಶುಲ್ಕ ಕಟ್ಟುವ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ. ಬಣ್ಣ ಗುರುತಿಸುವ ದೃಷ್ಟಿಯಲ್ಲಿ ಕೊರತೆಯಿದ್ದರೆ ಮೊದಲೇ ಗೊತ್ತಾಗಲಿ. ಶಿಕ್ಷಕರಲ್ಲಿ ಒಂದು ವಿನಂತಿ: ಪಿಯುಸಿಗೆ ವಿಷಯ ಆರಿಸಿಕೊಂಡಾದ ಮೇಲೆ ಇದನ್ನೆಲ್ಲ ಹೇಳಿದರೆ ಮಗುವಿನ ಒಂದೆರಡು ವರ್ಷ ವ್ಯರ್ಥವಾದೀತು. ಎಂಟನೇ ತರಗತಿಯಲ್ಲೇ ಹೇಳಿ. ಊರು ಚಿಕ್ಕದಾದರೂ ಶಾಲೆ ಸರ್ಕಾರಿಯಾದರೂ ಸರಿಯೇ, ಸರಿಯಾದ ಮಾಹಿತಿ ಸಕಾಲಕ್ಕೆ ಸಿಕ್ಕ ಮಗು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ.